ಸುಮ್ಮನೆ ಕೂರುವ ಕೂಲಿ

ಕೆಲಸ ಮಾಡದೆ ಕೂಲಿ ಸಿಗುತ್ತದೆ ಎಂದರೆ ಯಾರಾದರೂ ಹಿಗ್ಗುತ್ತಾರೆ. ಟೈಪ್‌ರೈಟರ್ ರಿಪೇರಿಯ ಗುಲಾಬ್ ಸಾಬರಿಗೆ ಮಾತ್ರ ಅನುಮಾನ ಶುರುವಾಯಿತು.

ಶಿಕಾರಿಪುರದಿಂದ ಮೊದಲ ಬಸ್ಸು ಹಿಡಿದು ಹತ್ತು ಗಂಟೆಗೆ ಸರಿಯಾಗಿ ಸೊರಬದ ಸಹಕಾರ ಸಂಘದ ಕಚೇರಿಗೆ ಬಂದಿದ್ದರು. ಅಲ್ಲಿನ ಯಂತ್ರಗಳನ್ನೆಲ್ಲ ನೋಡಿಕೊಳ್ಳಲು ಒಬ್ಬರಿಗೆ ವರ್ಷದ ಗುತ್ತಿಗೆ ಕೊಡುವುದಿತ್ತು. 'ಒಂದು ದಿನ ದಿನಗೂಲಿಯ ಮೇಲೆ ಬನ್ನಿ, ನೋಡಿ ತೀರ್ಮಾನಿಸುತ್ತೇನೆ' ಎಂದು ಕಾರ್ಯದರ್ಶಿ ಹುಚ್ಚರಾಯಪ್ಪನವರು ಕಾಗದ ಬರೆದಿದ್ದರು. ಚೀಲ ಹೆಗಲಿಗೆ ಹಾಕಿಕೊಂಡು ಊರೂರು ಸುತ್ತಿ ಸಾಬರಿಗೆ ಸಾಕಾಗಿತ್ತು. ಗುತ್ತಿಗೆ ಸಿಕ್ಕೇಬಿಟ್ಟಿತು ಎಂದು ಹೆಂಡತಿ ಖುರ್ಷೀದ್ ಬೀ ಆಗಲೇ ಓಣಿಗೆಲ್ಲ ಹೇಳಿಯೂ ಆಗಿತ್ತು.

ಬಂದು ನೋಡಿದರೆ ಕಚೇರಿಗಿದ್ದ ಒಂದೇ ಟೈಪ್‌ರೈಟರ್ ಕಾರ್ಯದರ್ಶಿಗಳ ಕೋಣೆಯೊಳಗೆ. ಕೋಣೆಗೆ ಬೀಗ. ಕಾರ್ಯದರ್ಶಿಗಳು ಹೊಸಬಾಳೆಗೆ ಹೋಗಿದ್ದರು.

"ಕೂತ್ಕಳಿ ಸಾಬ್ರೆ. ಸಾಹೇಬ್ರು ಬರೋದು ಸಾಯಂಕಾಲ. ನಿಮ್ಮ ಕೂಲಿ ಎಲ್ಲೂ ಹೋಗಲ್ಲ," ಎಂದು ಜವಾನ ಕೆಂಪಪ್ಪ ಬೆಂಚು ತೋರಿಸಿದ.

"ಕೆಲಸ ಇಲ್ದೆ ಕೂಲಿ ಯಾಕ್ರೀ ಕೊಡ್ತಾರೆ?"

"ಅದೆಲ್ಲ ನಂಗೊತ್ತಿಲ್ಲ. ಬಂದ್ರೆ ಕೂರ್ಸು ಅಂದಾರೆ."

ಗುಲಾಬ್ ಸಾಬರ ಕಿವಿ ನೆಟ್ಟಗಾಯಿತು. ತುರ್ತು ಪರಿಸ್ಥಿತಿಯ ಕಾಲ. ಐದು ನಿಮಿಷ ತಡವಾಗಿ ಬಂದವರನ್ನೂ ಮನೆಗೆ ಕಳಿಸುತ್ತಾರೆಂಬ ಸುದ್ದಿ ಎಲ್ಲೆಲ್ಲೂ ಇತ್ತು. ಇಂಥ ದಿನಗಳಲ್ಲಿ ಕರೆದು ಕೂರಿಸಿ ದುಡ್ಡು ಕೊಡುತ್ತಾರೆಯೇ? ಇದು ಪರೀಕ್ಷೆಯೇ ಸರಿ! ಕೂತರೆ ಸೋಮಾರಿ ಎಂದು ಬರೆದು ಸಾಗಹಾಕುವ ಹೂಟ. ಕೆಂಪಪ್ಪ ಬೇರೆ ಗಳಿಗೆಗೊಮ್ಮೆ ಬಾಗಿಲಿಂದ ಇಣುಕಿ ಹೋಗುತ್ತಿದ್ದ. ಸಾಬರು ಬೆಂಚನ್ನು ಮುಟ್ಟಲೂ ಇಲ್ಲ.

"ನಾನೂ ಬೆಳಗ್ಗಿಂದ ಕೂತೇ ಇದೀನಲ್ಲ, ನಿಮಗೆಂತ ಕಷ್ಟ?" ಎಂದರು ಟೈಪಿಸ್ಟ್ ವರದಮ್ಮ. ಟೈಪ್‌ರೈಟರ್ ಇಲ್ಲದ್ದರಿಂದ ಅವರು ಸ್ವೆಟರಿನ ಎರಡನೇ ತೋಳು ಹೆಣೆಯುತ್ತಿದ್ದರು.

"ನಿಮ್ದು ಖಾಯಂ ಅಮ್ಮಾ. ನೀವು ಕೂತ್ರೆ ನೌಕರಿ, ನಾನು ಕೂತ್ರೆ ಕಳ್ಳತನ," ಎಂದ ಸಾಬರು ಸುತ್ತ ಕಣ್ಣಾಡಿಸಿದರು. ಗೋಡೆಯ ಗಡಿಯಾರ ಐದು ನಿಮಿಷ ಹಿಂದಿತ್ತು. ಅಲ್ಲಾ ದಾರಿ ತೋರಿಸಿದ ಎಂದುಕೊಂಡು ಇಳಿಸಿ ಬಿಚ್ಚಿದರು. ಒಳಗಿನ ಸ್ಪ್ರಿಂಗು ಕಪ್ಪೆಯಂತೆ ಹಾರಿ ಗುಮಾಸ್ತ ಪರಮಶಿವಪ್ಪನ ಮೇಜಿನಡಿ ಮಾಯವಾಯಿತು. ಸಾಬರು ಅದರ ಹಿಂದೆಯೇ ತೆವಳಿದರು.

"ನನ್ನ ಕಾಲಡಿ ಎಂತ ಹುಡುಕ್ತಿದೀರಿ?" ಪರಮಶಿವಪ್ಪ ಬೆಚ್ಚಿಬಿದ್ದ.

"ಸ್ಪ್ರಿಂಗು, ಸ್ವಾಮಿ."

ಪರಮಶಿವಪ್ಪ ನಂಬಲಿಲ್ಲ. ವರದಮ್ಮನ ಕಡೆ ಬಾಗಿ, "ಹೇಳ್ದೆ ಕೇಳ್ದೆ ರಿಪೇರಿ ಮಾಡೋ ರಿಪೇರಿಯವ್ರನ್ನ ಎಲ್ಲಾದ್ರೂ ಕಂಡೀರಾ? ಇವ್ನು ಮೇಲಿಂದ ತಪಾಸಣೆಗೆ ಕಳಿಸಿದ ಮನುಷ್ಯ," ಎಂದು ಪಿಸುಗುಟ್ಟಿದ. ವರದಮ್ಮನ ಸ್ವೆಟರು ಕ್ಷಣದಲ್ಲಿ ಚೀಲ ಸೇರಿತು. ಕೈಗೆ ಒಂದು ಫೈಲು ಬಂತು.

ಅಷ್ಟರಲ್ಲಿ ಸಾಬರ ಕಣ್ಣಿಗೆ ಪರಮಶಿವಪ್ಪನ ಅರ್ಧ ತೆರೆದು ಸಿಕ್ಕಿಕೊಂಡಿದ್ದ ಡ್ರಾಯರು ಬಿತ್ತು. "ಇದನ್ನೂ ಸರಿಮಾಡ್ತೀನಿ" ಎಂದು ಎಳೆದರು. "ಅದು ಹಾಗೇ ಇರ್ಲಿ ರೀ!" ಎಂದು ಪರಮಶಿವಪ್ಪ ಒಳಕ್ಕೆ ಒತ್ತಿದ. ಹಗ್ಗ ಜಗ್ಗಾಟದ ಕೊನೆಗೆ ಡ್ರಾಯರು ಪೂರ್ತಿ ಹೊರಬಂದು ಉಲ್ಟಾ ಬಿತ್ತು. ಇಸ್ಪೀಟೆಲೆ, ಚಕ್ಕುಲಿ, ಹೋದ ವರ್ಷ ರೈತರು ಕೊಟ್ಟ ಅರ್ಜಿಗಳು ನೆಲದ ತುಂಬ ಹರಡಿದವು.

"ನನಗೆ ಮೂರು ಮಕ್ಕಳು, ಮೇಲಿನೋರಿಗೆ ಬರೀಬೇಡಿ," ಎಂದು ಪರಮಶಿವಪ್ಪ ಕೈಮುಗಿದ. ಏನು ಬರೆಯುವುದು, ಯಾರಿಗೆ ಬರೆಯುವುದು ಎಂದು ಸಾಬರಿಗೆ ತಿಳಿಯಲಿಲ್ಲ. ಇವನೂ ಹೂಟದಲ್ಲಿದ್ದಾನೆ, ಮಾತಿಗೆಳೆದು ಕೂರಿಸಲು ನೋಡುತ್ತಿದ್ದಾನೆ ಎಂದು ಅನುಮಾನ ಬಂದು ಇನ್ನಷ್ಟು ಚುರುಕಾದರು. ಕಾಗದಗಳ ಪ್ರತಿ ತೆಗೆಯುವ ಯಂತ್ರದ ಹಿಡಿ ತಿರುಗಿಸಿದಾಗ ಅದರ ಮಸಿಯೆಲ್ಲ ಪರಮಶಿವಪ್ಪನ ಬಿಳಿ ಪಂಚೆಗೆ ಹಾರಿತು. ಫ್ಯಾನಿನ ತಿರುಪು ಬಿಗಿ ಮಾಡಿದಾಗ ಅದು ಒಮ್ಮೆ ಕೊರಗಿ ನಿಂತೇಹೋಯಿತು. ಸಾಯಂಕಾಲದ ಹೊತ್ತಿಗೆ ಕಚೇರಿಯಲ್ಲಿ ಓಡುತ್ತಿದ್ದ ವಸ್ತುವೆಂದರೆ ಗುಲಾಬ್ ಸಾಬರೊಬ್ಬರೇ. ಮೈಯೆಲ್ಲ ಬೆವರು, ಮುಖವೆಲ್ಲ ಎಣ್ಣೆ. ಈಗ ಬರಲಿ ಸಾಹೇಬರು, ಯಾರು ಸೋಮಾರಿ ಎನ್ನುತ್ತಾರೋ ನೋಡೋಣ ಎಂದು ಎದೆಯುಬ್ಬಿಸಿ ನಿಂತರು.

ಹುಚ್ಚರಾಯಪ್ಪನವರು ಬಂದರು. ಒಂದು ಸುತ್ತು ನೋಡಿದರು. ಕೋಣೆಯ ಬೀಗ ತೆಗೆದು, ಟೈಪ್‌ರೈಟರಿನ ಹೊದಿಕೆ ಸರಿಸಿ ಟಕಟಕನೆ ಒಂದು ಸಾಲು ಹೊಡೆದರು. ಅಕ್ಷರಗಳು ಮುತ್ತಿನಂತೆ ಮೂಡಿದವು.

"ಮಿಷನ್ ಚೆನ್ನಾಗೇ ಐತಲ್ರೀ ಸಾಹೇಬ್ರೆ!" ಎಂದರು ಸಾಬರು.

"ಚೆನ್ನಾಗಿಲ್ದೆ ಏನು? ಹಿಂದಿದ್ದ ಮೆಕ್ಯಾನಿಕ್ಕು ಸುಮ್ನೆ ಕೂರಲಾರ್ದೆ, ಚೆನ್ನಾಗಿದ್ದದ್ದನ್ನೆಲ್ಲ ಬಿಚ್ಚಿ ಬಿಚ್ಚಿ ಎರಡು ಮಿಷನ್ ಹಾಳುಮಾಡಿದ. ಕೆಡದೆ ಇರೋದನ್ನ ಮುಟ್ಟದೆ ಒಂದು ದಿನ ತೆಪ್ಪಗೆ ಕೂರೋರು ಸಿಕ್ರೆ ಅವ್ರಿಗೇ ಗುತ್ತಿಗೆ ಕೊಡೋಣ ಅಂತ ನಾನೇ ಬೀಗ ಹಾಕ್ಕೊಂಡು ಹೋಗಿದ್ದೆ."

ಗುಲಾಬ್ ಸಾಬರು ಪರೀಕ್ಷೆ ಎಂದುಕೊಂಡದ್ದು ಸರಿಯಾಗಿಯೇ ಇತ್ತು. ಓಣಿಗೆ ಏನು ಹೇಳುವುದು, ಖುರ್ಷೀದ್ ಬೀಗೆ ಏನು ಹೇಳುವುದು ಎಂದು ನೆನೆದು ಅಳುವೇ ಬಂತು.

"ಇವತ್ತಿನ ಕೂಲಿ ತಗೊಳ್ಳಿ, ಮಾತು ಕೊಟ್ಟಿದೀನಿ," ಎಂದರು ಹುಚ್ಚರಾಯಪ್ಪನವರು. "ನಾಳೆ ಮೊದಲ್ನೇ ಬಸ್ಸಿಗೆ ಬಂದು ಬಿಚ್ಚಿದ್ದನ್ನೆಲ್ಲ ಸರಿಮಾಡಿ ಹೋಗಿ. ನಾಳೆಗೆ ಕೂಲಿ ಇಲ್ಲ."

ಸಾಬರು ಬಂದು ಬೆಂಚಿನ ಮೇಲೆ ಕುಸಿದು ಕೂತರು.

"ಈಗ ಎಂಥಕ್ಕೆ ಕೂತ್ರಿ ಸಾಬ್ರೆ?" ಎಂದು ಕೆಂಪಪ್ಪ ಬೀಗದ ಕೈ ಅಲ್ಲಾಡಿಸಿದ. "ಏಳಿ, ಬಾಗ್ಲು ಹಾಕ್ಬೇಕು."