ಡೇರಿ ಸೆಕ್ರೆಟರಿಯ ರಕ್ತದಲ್ಲಿ ಫ್ಯಾಟು

ಹಾಲಿನ ಡೇರಿಯಲ್ಲಿ ಕೂತವನಿಗೆ ದಿನಕ್ಕೊಂದು ತಮಾಷೆ ತಪ್ಪಿದ್ದಲ್ಲ. ಅದರಲ್ಲಿ ಮುಕ್ಕಾಲು ಪಾಲು ಅವನ ಮೇಲೇ ನಡೆಯುವಂಥದ್ದು. ತೊಂಬತ್ತರ ದಶಕದಲ್ಲಿ ನಾನು ಅರಕೆರೆ ಕಡೆಯ ನಮ್ಮೂರ ಡೇರಿಗೆ ಸೆಕ್ರೆಟರಿ. ಬೆಳಿಗ್ಗೆ ಸಂಜೆ ಊರವರು ತಂದ ಹಾಲನ್ನು ಟ್ಯೂಬಿಗೆ ಹಾಕಿ, ಮಿಷನ್ನು ತಿರುಗಿಸಿ, ಫ್ಯಾಟು, ಅಂದರೆ ಜಿಡ್ಡು, ಎಷ್ಟಿದೆ ಅಂತ ನೋಡಿ ರೇಟು ಕಟ್ಟೋದು, ಕಮ್ಮಿ ಬಂದವರ ಹತ್ತಿರ ಬೈಸಿಕೊಳ್ಳೋದು, ಇದೇ ನನ್ನ ಕೆಲಸ. ಬೈಗುಳಕ್ಕೆ ಬಗ್ಗುವ ಆಸಾಮಿ ನಾನಲ್ಲ. ಯಾರಾದರೂ "ನಿನ್ನ ಕೈಲಿ ಆಗಲ್ಲ" ಅಂದರೆ ಸಾಕು, ಮಾಡಿಯೇ ತೀರಬೇಕು. ಆ ಹಟವೇ ಇಷ್ಟಕ್ಕೆಲ್ಲ ಕಾರಣ.

೧. ಎಮ್ಮೆಯ ಫ್ಯಾಟು ಎಲ್ಲಿ ಹೋಯಿತು?

ಆಗ ನನಗೆ ನಲವತ್ತೊಂಬತ್ತು. ಯಾಕೋ ಸುಸ್ತು ಅಂತ ಶ್ರೀರಂಗಪಟ್ಟಣದ ಡಾಕ್ಟರ ಹತ್ತಿರ ಹೋದೆ. ಅವರು ರಕ್ತ ಪರೀಕ್ಷೆ ಮಾಡಿಸಿ, ಚೀಟಿ ನೋಡಿ ಕನ್ನಡಕ ತೆಗೆದರು.

"ಟ್ರೈಗ್ಲಿಸರೈಡ್ ಅಂತ, ರಕ್ತದಲ್ಲಿರೋ ಕೊಬ್ಬು. ಇನ್ನೂರರೊಳಗೆ ಇರಬೇಕು. ನಿಮ್ಮದು ನಾನೂರ ಅರವತ್ತು."

"ನಾನು ತುಪ್ಪಾನೇ ಮುಟ್ಟಲ್ವಲ್ಲ ಸಾರ್."

"ಬೆಲ್ಲ?"

ಅಲ್ಲೇ ಸಿಕ್ಕಿಬಿದ್ದೆ. ಆಲೆಮನೆ ಕಡೆ ಹೋದರೆ ಅಂಗೈ ತುಂಬ ಬಿಸಿ ಬೆಲ್ಲ, ದಿನಕ್ಕೆ ಆರು ಲೋಟ ಪಾಕದಂಥ ಕಾಫಿ, ಮುದ್ದೆ ಮೇಲೆ ಗುಡ್ಡೆ ಅನ್ನ. ದೇಹ ಅದನ್ನೆಲ್ಲ ಕೊಬ್ಬು ಮಾಡಿ ರಕ್ತಕ್ಕೆ ಬಿಡುತ್ತದಂತೆ. ನಮ್ಮಪ್ಪ ಐವತ್ತೆರಡಕ್ಕೆ ಗದ್ದೆ ಬದುವಿನ ಮೇಲೆ ಎದೆ ಹಿಡಿದು ಕೂತವನು ಮತ್ತೆ ಏಳಲಿಲ್ಲ. ಅದು ನೆನಪಾಯಿತು. ಹೆದರಿದೆ, ಸುಳ್ಳು ಯಾಕೆ ಹೇಳಲಿ.

ಡಾಕ್ಟರು ಮಾತ್ರೆ ಬರೆಯೋಕೆ ಪೆನ್ನು ತೆಗೆದರು. "ಮೂರು ತಿಂಗಳು ಕೊಡಿ ಸಾರ್, ಊಟದಲ್ಲಿ, ನಡಿಗೆಯಲ್ಲಿ ಇಳಿಸ್ತೀನಿ" ಅಂದೆ. ಅವರು ನಕ್ಕು, "ನಿಮ್ಮ ಕಡೆಯವರು ಬಾಯಿ ಕಟ್ಟೋದುಂಟಾ? ಆಗಲ್ಲ ಕಣ್ರೀ. ಆಯ್ತು, ಮೂರೇ ತಿಂಗಳು. ಇಳಿಯಲಿಲ್ಲ ಅಂದ್ರೆ ಮಾತು ಬೇಡ, ಮಾತ್ರೆ" ಅಂದರು.

ಮಾರನೇ ಬೆಳಿಗ್ಗೆಗೆ ಸುದ್ದಿ ಡೇರಿ ಮುಟ್ಟಿತ್ತು. ಸಾಲಿನಲ್ಲಿ ಮುಂದೆ ನಿಂತಿದ್ದವಳು ನಾನು ದೊಡ್ಡವ್ವ ಅಂತ ಕರೆಯುವ ಮುದುಕಿ. ಅವಳ ಎಮ್ಮೆ ಹಾಲಿಗೆ ಹಸುವಿನ ಹಾಲಿನಷ್ಟೂ ಫ್ಯಾಟು ಬರುತ್ತಿರಲಿಲ್ಲ. ಬೋರಿಂಗಿನ ನೀರು ಅಂತ ನನಗೂ ಗೊತ್ತು, ಅವಳಿಗೂ ಗೊತ್ತು, ಎಮ್ಮೆಗೂ ಗೊತ್ತು. ಅವಳು ಸಾಲಿನವರ ಕಡೆ ತಿರುಗಿ ಕೂಗಿದಳು.

"ನನ್ ಎಮ್ಮೆ ಫ್ಯಾಟು ಎಲ್ಲೋಯ್ತು ಅಂತ ಇವತ್ ಗೊತ್ತಾಯ್ತು ಕಣ್ರಪ್ಪೋ! ಇವ್ನ್ ಮೈಗ್ ಸೇರ್ಕಂಡದೆ!"

ನನಗೆ ರೇಗಿತು. "ನೋಡು ದೊಡ್ಡವ್ವ, ಮೂರು ತಿಂಗ್ಳಲ್ಲಿ ಇನ್ನೂರರೊಳಗೆ ಇಳಿಸ್ತೀನಿ. ಇಲ್ಲಾಂದ್ರೆ ಈ ಟ್ಯೂಬು ನಿನ್ ಕೈಗೇ ಕೊಟ್ಟು ಮನೆಗೋಗ್ತೀನಿ."

"ಕೊಡು ಮಗ, ಕೊಡು. ಆವತ್ತಿಂದ ನಿಮ್ಮನೆ ಹಸುವಿನ್ ಹಾಲ್ಗೂ ಫ್ಯಾಟ್ ಇರಕ್ಕಿಲ್ಲ."

೨. ವಾಕಿಂಗ್ ಹೋದ ವ್ಯಾನು

ಹಾಲು ಅಳೆದು ಮುಗಿಸಿ, ನಾಲೆ ಏರಿ ಮೇಲೆ ಮುಕ್ಕಾಲು ಗಂಟೆ ಬಿರಬಿರನೆ ನಡೆಯೋಕೆ ಶುರು ಮಾಡಿದೆ. ನಮ್ಮ ಕಡೆ ಯಾರೂ ಸುಮ್ಮಸುಮ್ಮನೆ ನಡೆಯೋದಿಲ್ಲ. ನಡೆದರೆ ಗದ್ದೆಗೆ, ಇಲ್ಲದಿದ್ದರೆ ಬಸ್ಸಿಗೆ. ಎಲ್ಲಿಗೂ ಹೋಗದೆ ಹೋಗಿ ವಾಪಸ್ ಬರೋನನ್ನು ಕಂಡು ಜನ ಕಂಗಾಲು. ಒಬ್ಬ "ಹಸ ಕಳ್ದೋಯ್ತಾ?" ಅಂದ. ಇನ್ನೊಬ್ಬ "ಮನೇಲ್ ಜಗಳಾನಾ?" ಅಂದ. ಮೂರನೆಯವನು ನಾಲೆ ನೀರನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ ಗಟ್ಟಿಯಾಗಿ ಕೈ ಹಿಡಿದುಕೊಂಡ. "ಏನೇ ಕಷ್ಟ ಇದ್ರೂ ನಮ್ಗೇಳಿ. ದುಡುಕ್‌ಬ್ಯಾಡಿ."

ಎಲ್ಲರಿಗಿಂತ ಪೇಚಿಗೆ ಸಿಕ್ಕಿಸಿದವರು ಹಾಲಿನ ವ್ಯಾನಿನ ಡ್ರೈವರು, ಶ್ರೀರಂಗಪಟ್ಟಣದ ಸಾಬರು, ಹತ್ತು ವರ್ಷದ ಸ್ನೇಹಿತರು. ದಿನಾ ವ್ಯಾನು ನಿಲ್ಲಿಸಿ "ಹತ್ತಿ ಭಾಯ್" ಅನ್ನೋರು. ನಡೀಬೇಕು ಅಂದರೆ ಕೇಳಬೇಕಲ್ಲ! "ನೀವು ಬಿಸ್ಲಲ್ಲಿ ನಡೆಯೋದು, ನಾನು ನೋಡ್ಕೊಂಡು ಮುಂದೆ ಹೋಗೋದಾ? ತೌಬಾ!" ಅಂತ ಹೇಳಿ, ನನ್ನ ಪಕ್ಕದಲ್ಲೇ, ನನ್ನ ಹೆಜ್ಜೆಗೆ ಸರಿಯಾಗಿ ವ್ಯಾನು ಓಡಿಸಿಕೊಂಡು, ಮಗಳ ಸ್ಕೂಲಿನ ಕತೆ ಹೇಳಿಕೊಂಡು ಬರೋರು.

ಒಂದು ವಾರ ಹೀಗೇ ನಡೆಯಿತು. ಎಂಟನೇ ದಿನ ಎರಡು ಕ್ಯಾನು ಹಾಲು ಒಡೆಯಿತು. ವ್ಯಾನು ತಡವಾಗಿದ್ದು ಏಕೆ, ಸೆಕ್ರೆಟರಿ ಲಿಖಿತ ಉತ್ತರ ಕೊಡಬೇಕು ಅಂತ ಮೇಲಿನಿಂದ ಕಾಗದ ಬಂತು. ನಾನೇನು ಹೆದರಿದೆನೇ? ಇದ್ದದ್ದನ್ನು ಇದ್ದ ಹಾಗೇ ಬರೆದೆ: "ವ್ಯಾನು ಸೆಕ್ರೆಟರಿಯ ಜೊತೆ ವಾಕಿಂಗ್ ಹೋಗಿತ್ತು."

೩. ಅವ್ವನ ಉಪವಾಸ

ತಿಂಗಳಾದ ಮೇಲೆ ಎಷ್ಟು ಇಳಿದಿದೆ ನೋಡೋಣ ಅಂತ ಪಾಂಡವಪುರದ ಲ್ಯಾಬಿಗೆ ರಕ್ತ ಕೊಡೋಕೆ ಹೊರಟೆ. ಹನ್ನೆರಡು ಗಂಟೆ ಉಪವಾಸ ಇರಬೇಕು ಅಂತ ಚೀಟಿಯಲ್ಲಿತ್ತು. ಉಪವಾಸದ ಜವಾಬ್ದಾರಿಯನ್ನು ನಮ್ಮವ್ವ ವಹಿಸಿಕೊಂಡಳು. ಬೆಳಗಿನ ಜಾವ ಎಬ್ಬಿಸಿ, ಶಿವರಾತ್ರಿಗೆ ಮಾಡೋ ಹಾಗೆ ಅವಲಕ್ಕಿಗೆ ಬೆಲ್ಲ, ಕಾಯಿತುರಿ ಕಲಸಿಟ್ಟಳು. ಎರಡು ರಸಬಾಳೆ, ಮೇಲೊಂದು ಲೋಟ ಸಿಹಿ ಹಾಲು. ಮುದ್ದೆಯಿಲ್ಲ, ಅನ್ನವಿಲ್ಲ. ನಾನೂ ಹುಟ್ಟಿದಾಗಿನಿಂದ ಉಪವಾಸ ಅಂದರೆ ಇದೇ ಅಂದುಕೊಂಡವನು, ತಟ್ಟೆ ಒರೆಸಿಟ್ಟು ಬಸ್ಸು ಹತ್ತಿದೆ.

ರಿಪೋರ್ಟು ಬಂತು. ಆರುನೂರ ಹತ್ತು! ತಿಂಗಳೆಲ್ಲ ಸೊಪ್ಪು, ಹುರುಳಿಕಾಳು ತಿಂದು, ಕಾಲು ಸವೆಸಿ, ಏರಿದ್ದು ನೂರೈವತ್ತು. ಅಪ್ಪನ ದಾರಿಯೇ ಗತಿ ಅಂತ ರಿಪೋರ್ಟು ಹಿಡಿದು ಶ್ರೀರಂಗಪಟ್ಟಣಕ್ಕೆ ಓಡಿದೆ. ಡಾಕ್ಟರು "ಏನು ತಿಂದು ಹೋಗಿದ್ರಿ?" ಅಂದರು. "ಏನೂ ಇಲ್ಲ ಸಾರ್, ಅವಲಕ್ಕಿ, ಬಾಳೆಹಣ್ಣು, ಹಾಲು." ಅವರು ಟೇಬಲ್ಲಿಗೆ ಹಣೆ ಇಟ್ಟರು. ಈ ಪರೀಕ್ಷೆ ಲೆಕ್ಕಕ್ಕಿಲ್ಲ, ನೀರು ಬಿಟ್ಟು ಏನೂ ಮುಟ್ಟಬಾರದು ಅಂತ ಬೈದು ಕಳಿಸಿದರು.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಇಂಗ್ ಉಪಾಸ ಇದ್ರೆ ಶಿವ್ನೇ ಒಪ್ಕತನೆ. ಅದೆಂಥಾ ಡಾಕ್ಟ್ರುಲಾ ಅವ್ನು, ಶಿವ್ನಿಗಿಂತ ದೊಡ್ಡೋನು?"

೪. ಬೀಗರೂಟದಲ್ಲಿ ಹುರುಳಿಕಾಳು

ಎರಡನೇ ತಿಂಗಳಲ್ಲಿ ಅಣ್ಣನ ಮಗಳ ಮದುವೆ ಆಗಿ, ಗಂಡಿನವರು ಕಿಕ್ಕೇರಿಯಲ್ಲಿ ಬೀಗರೂಟ ಇಟ್ಟರು. ಕೆ.ಆರ್. ಪೇಟೆ, ನಾಗಮಂಗಲದಿಂದೆಲ್ಲ ನೆಂಟರು ಬಂದಿದ್ದರು. ಎಲೆ ತುಂಬ ಕುರಿ ಮಾಂಸದ ಬಾಡು. ನಾನು ಚೀಲದಿಂದ ಡಬ್ಬಿ ತೆಗೆದು ಮೊಳಕೆ ಹುರುಳಿ, ಸೌತೆಕಾಯಿ ಬಡಿಸಿಕೊಂಡೆ. ಪಂಕ್ತಿಯವರೆಲ್ಲ ಉಣ್ಣೋದು ಬಿಟ್ಟು ನನ್ನ ಡಬ್ಬಿ ನೋಡಿದರು.

ಗಂಡಿನ ತಂದೆ ಮೀಸೆ ಕುಣಿಸಿಕೊಂಡು ಬಂದರು. "ನಮ್ಮನೆ ಬಾಡು ಬ್ಯಾಡ ಅಂದ್ರೆ ನಮ್ ನೆಂಟಸ್ತಿಕೇನೇ ಬ್ಯಾಡ ಅಂದಂಗೆ!"

ಅಣ್ಣ ನನ್ನ ಕಾಲು ತುಳಿದು, "ಒಂದ್ ತುಂಡು ತಿನ್ಲಾ, ಮಾನ ಕಳೀಬ್ಯಾಡ" ಅಂದ. ಒಂದು ತುಂಡು ಅಂತ ಶುರುವಾದದ್ದು ಬೀಗರೂಟದಲ್ಲಿ ಎಂದಾದರೂ ಒಂದಕ್ಕೆ ನಿಂತದ್ದುಂಟೇ? ಎದ್ದು ನಿಂತು ಜೇಬಿನಿಂದ ಮೊದಲಿನ ರಿಪೋರ್ಟು ತೆಗೆದೆ. "ನೋಡಿ, ನಾನೂರ ಅರವತ್ತು! ನಮ್ಮಪ್ಪ ಐವತ್ತೆರಡಕ್ಕೇ ಹೋದ. ಈ ಮೂರು ತಿಂಗಳು ನಮ್ಮವ್ವ ಬಂದು ಉಣ್ಣು ಅಂದ್ರೂ ಉಣ್ಣಲ್ಲ. ಬೇಕಾದ್ರೆ ಎಬ್ಬಿಸಿ ಕಳಿಸಿ."

ಬೀಗರು ರಿಪೋರ್ಟನ್ನು ತಿರುಗಿಸಿ ಮುರುಗಿಸಿ ನೋಡಿದರು. ಮೀಸೆ ಇಳಿಯಿತು. ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಡಬ್ಬಿಯಿಂದ ಒಂದು ಹಿಡಿ ಹುರುಳಿ ಬಾಯಿಗೆ ಹಾಕಿಕೊಂಡು ಪಿಸುಗುಟ್ಟಿದರು.

"ಬೀಗ್ರೇ, ನೀವು ಡೇರೀಲಿ ಫ್ಯಾಟ್ ನೋಡೋರಲ್ವಾ? ಒಂದ್ ಟ್ಯೂಬು ರಕ್ತ ಕೊಡ್ತೀನಿ, ನಂದೂ ಆ ಮಿಷನ್ನಿಗಾಕಿ ತಿರುಗ್ಸಿಬುಡಿ."

೫. ಹಾರ

ಮೂರು ತಿಂಗಳು ತುಂಬಿದ ದಿನ ಬರೀ ನೀರು ಕುಡಿದು ಹೋಗಿ ರಕ್ತ ಕೊಟ್ಟೆ. ಅವ್ವ ಶಿವನ ಹೆಸರು ಹೇಳಿ ಅವಲಕ್ಕಿ ಮುಂದಿಟ್ಟಳು, ನಾನು ಬಾಯಿ ಬಿಡಲಿಲ್ಲ. ರಿಪೋರ್ಟು ನೂರ ಎಂಬತ್ತಾರು. ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲೇ ಕಣ್ಣಲ್ಲಿ ನೀರು ಬಂತು. ಶ್ರೀರಂಗಪಟ್ಟಣದಲ್ಲಿ ಡಾಕ್ಟರು ಕೈ ಕುಲುಕಿ, "ಮಾತ್ರೆ ಬೇಡ. ಆದ್ರೆ ಹೀಗೇ ಇರಬೇಕು" ಅಂದರು.

ಸಂಜೆ ಡೇರಿಗೆ ಬಂದರೆ ಸಾಬರು ಚೆಂಡುಹೂವಿನ ಹಾರ ಹಿಡಿದು ಕಾದಿದ್ದರು. ಕೊರಳಿಗೆ ಹಾರ ಬಿದ್ದ ಮೇಲೆ ನಾನು ಸುಮ್ಮನಿರುವುದುಂಟೇ? ಎದೆ ಉಬ್ಬಿಸಿ ಭಾಷಣ ಬಿಗಿದೆ. "ದಿನಾ ನಡೆದೆ. ಸೊಪ್ಪು ಸದೆ ತಿಂದೆ. ಅವ್ವನ ಉಪವಾಸ ಒಂದು ಬಿಟ್ರೆ ಬೆಲ್ಲ, ಸಕ್ಕರೆ, ಕಾಫಿ ಮುಟ್ಟಲಿಲ್ಲ. ಯಾರೇ ಹಿಂಗಿದ್ರೂ ಫ್ಯಾಟು ಇಳಿದೇ ಇಳೀತದೆ!"

ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡವ್ವ ಮಾತ್ರ ತಟ್ಟಲಿಲ್ಲ. ಅವಳ ಸರದಿ ಬಂತು, ಹಾಲು ಟ್ಯೂಬಿಗೆ ಹಾಕಿ ತಿರುಗಿಸಿದೆ. ಗೆದ್ದ ಗತ್ತಿನಲ್ಲಿ, "ಏನ್ ದೊಡ್ಡವ್ವ, ಇವತ್ತೂ ಫ್ಯಾಟೇ ಇಲ್ವಲ್ಲ?" ಅಂದೆ.

ಅವಳು ಕ್ಯಾನು ಕೆಳಗಿಟ್ಟಳು.

"ಈಗ್ತಾನೆ ಯಾರೇ ಇಂಗಿದ್ರೂ ಅಂದ್ಯಲ್ಲಾ ಮಗ? ನನ್ನೆಮ್ಮೆ ದಿನಾ ನಾಲೆಗಂಟ ನಡೀತದೆ. ಉಟ್ಟಿದಾಗ್ಲಿಂದ ಸೊಪ್ಪೇ ತಿಂತದೆ. ಬೆಲ್ಲ ಮುಟ್ಟಕ್ಕಿಲ್ಲ, ಕಾಪಿ ಕುಡಿಯಕ್ಕಿಲ್ಲ. ನೀನು ಮೂರ್ ತಿಂಗ್ಳು ಮಾಡುದ್ದ ಅದು ಜೀವ್ಮಾನ ಪೂರ್ತಿ ಮಾಡ್ಕಂಡ್ ಬಂದದೆ. ಫ್ಯಾಟ್ ಇಳ್ಸುದ್ರೆ ನಿಂಗ್ ಹಾರ, ನನ್ನೆಮ್ಮೆಗೆ ಬೈಗ್ಳ? ತಗಿ ಮೊದ್ಲು, ತಗಿ ಆ ಹಾರವ!"

ಡಾಕ್ಟರಿಗೆ ಬಗ್ಗಲಿಲ್ಲ, ಬೀಗರಿಗೆ ಬಗ್ಗಲಿಲ್ಲ. ಆವತ್ತು ತಲೆ ಬಗ್ಗಿಸಿ ಹಾರ ತೆಗೆದುಕೊಟ್ಟೆ. ಮಾರನೇ ಬೆಳಿಗ್ಗೆ ನಾಲೆ ಏರಿ ಮೇಲೆ ಎಮ್ಮೆ ಎದುರಾಯಿತು, ಕೊರಳಲ್ಲಿ ಅರ್ಧ ಹಾರ, ಬಾಯಲ್ಲಿ ಇನ್ನರ್ಧ.