ಕಾಕಾನ ಗಾಣ ಮತ್ತು ಚಪಾತಿ ಹಿಟ್ಟು

ನಮ್ಮ ಕಾಕಾ ಕೆಟ್ಟ ವಸ್ತುವನ್ನು ಎಸೆಯುವವರಲ್ಲ. ಕೆಡದ ವಸ್ತುವನ್ನು ನಂಬುವವರೂ ಅಲ್ಲ. ಸ್ಯಾನ್ ಪೀಡ್ರೊ ಬಂದರಿನಲ್ಲಿ ಕ್ರೇನುಗಳ ಸುರಕ್ಷತೆ ನೋಡುವ ಎಂಜಿನಿಯರ್ ಅವರು. ಅಲ್ಲಿ ಒಂದು ನಟ್ಟು ಸಡಿಲವಾದರೂ ಕೆಲಸ ನಿಲ್ಲಿಸುತ್ತಾರಂತೆ. ಮನೆಯಲ್ಲಿ? ಸ್ಯಾಂಟಾ ಕ್ಲಾರಿಟಾದ ಹಿತ್ತಲಲ್ಲಿ ಕಬ್ಬು ಬೆಳೆದು, ಬೆಳಗಾವಿಯಿಂದ ಹಡಗಿನಲ್ಲಿ ತರಿಸಿದ ಕೈಗಾಣದಲ್ಲಿ ಹಿಂಡಿ, ಪ್ರತಿ ಜನವರಿ ಬೆಲ್ಲ ಕಾಯಿಸುತ್ತಾರೆ. ಆ ಗಾಣದಲ್ಲಿ ಮೂಲದ್ದು ಅಂತ ಉಳಿದಿರುವುದು ಬಣ್ಣ ಮಾತ್ರ!

ಹೋದ ವರ್ಷ ನಾನು ಸ್ಯಾನ್ ಡಿಯಾಗೋದಿಂದ ಡ್ರೈವ್ ಮಾಡಿಕೊಂಡು ಹೋದಾಗ ಕಬ್ಬೆಲ್ಲ ಕಡಿದು ರಾಶಿ ಹಾಕಿಯಾಗಿತ್ತು. ಗಾಣ ಮಾತ್ರ ಮುಷ್ಕರ ಹೂಡಿತ್ತು. ಒಳಗೆ ಅಚ್ಚನ್ನು ಹಿಡಿದಿಡುವ ಬಳೆ, ಅಂದರೆ ಬುಷ್, ಸವೆದು ಉರುಳೆಗಳ ನಡುವೆ ಸಂದಿ ಬಿದ್ದು, ಒಳಹೋದ ಕಬ್ಬು ಪ್ರವಾಸ ಮುಗಿಸಿದವರಂತೆ ದುಂಡಗೆ ಹೊರಬರುತ್ತಿತ್ತು. ಹೊಸ ಬುಷ್ ಬರಲು ಮೂರು ವಾರ ಬೇಕು. ಕಡಿದ ಕಬ್ಬು ಅಷ್ಟರಲ್ಲಿ ಹುಳಿಯಾಗುತ್ತದೆ. ಕಾಕಾ ಅಡುಗೆಮನೆಗೆ ಹೋಗಿ, ಅವರ ಹೆಂಡತಿ, ನಮ್ಮ ಕಾಕು, ತರಕಾರಿ ಹೆಚ್ಚಲು ಇಟ್ಟುಕೊಂಡಿದ್ದ ಹೊಸ ಮರದ ಮಣೆಯನ್ನು ತಂದು, ಕೊಯ್ದು, ಕೊರೆದು, ಬುಷ್ ಮಾಡಿಯೇಬಿಟ್ಟರು.

ನಾನು ಹಿಡಿಕೆ ತಿರುಗಿಸಿದೆ. ಕಬ್ಬಿನ ಹಾಲು ಬಂತು! ಸಂಭ್ರಮ ಮುಗಿಯುವ ಮೊದಲೇ ಹಾಲು ಕಾಯಿಸುವ ಕೊಪ್ಪರಿಗೆ ಸೋರತೊಡಗಿತು. ಕಾಕಾ ಮತ್ತೆ ಅಡುಗೆಮನೆಗೆ ನುಗ್ಗಿ, ಚಪಾತಿಗೆ ಕಲಸಿಟ್ಟಿದ್ದ ಹಿಟ್ಟನ್ನು ತಂದು ಬಿರುಕಿಗೆ ಮೆತ್ತಿದರು.

ಕಾಕು ಬಾಗಿಲಲ್ಲಿ ನಿಂತು ಶಾಂತವಾಗಿ ಕೇಳಿದರು: "ಊಟಕ್ಕ ಏನ್ ಬಡಸ್ಲಿ, ಗ್ರೀಸೇನು?"

ಬಂದರಿನಲ್ಲಿ ಯಾರಾದರೂ ಹೀಗೆ ರಿಪೇರಿ ಮಾಡಿದರೆ ಏನು ಮಾಡುತ್ತೀರಿ ಎಂದು ನಾನು ಕಾಕಾನನ್ನು ಕೆಣಕಿದೆ.

"ಅಲ್ಲಾಗಿದ್ರ ನನ್ನ ನಾನ ಮನಿಗೆ ಕಳಸ್ತಿದ್ದೆ," ಎಂದರು, ಹಿಟ್ಟು ಒತ್ತುತ್ತಲೇ.

ಸಂಜೆ ಹೊತ್ತಿಗೆ ಪಾಕ ಗಟ್ಟಿಯಾಗಿ ನೊರೆ ಎದ್ದಿತು. ಇಂಡಿಯನ್ ಸ್ಟೋರಿನಲ್ಲಿ ಬೆಲ್ಲ ರಾಶಿರಾಶಿ ಸಿಗುವಾಗ ಇಷ್ಟೆಲ್ಲ ಯಾಕೆ ಎಂದೆ. ಕಾಕಾ ಕಾಕುವನ್ನು ಕೂಗಿದರು.

ಕೋವಿಡ್ ಬಂದು ಹೋದ ಮೇಲೆ ಕಾಕುಗೆ ಯಾವ ವಾಸನೆಯೂ ತಿಳಿಯುವುದಿಲ್ಲ. ಒಗ್ಗರಣೆ ಸೀದರೂ ಕಣ್ಣಿಗೆ ಕಂಡಾಗಲೇ ಗೊತ್ತಾಗುವುದು. ಎಲ್ಲ ವಾಸನೆ ಹೋಗಲಿ, ಬಿಸಿ ಬೆಲ್ಲದ್ದೊಂದು ಬಂದರೆ ಸಾಕಿತ್ತು ಎಂದು ಅವರು ಯಾವಾಗಲೋ ಅಂದಿದ್ದರಂತೆ.

ಕಾಕು ಆವಿಗೆ ಮುಖ ಒಡ್ಡಿ ಕಣ್ಣು ಮುಚ್ಚಿದರು. ಹಿತ್ತಲಿಗೆಲ್ಲ ಘಮ ತುಂಬಿತ್ತು.

"ಬಂತೇನ?" ಕಾಕಾ ಕೇಳಿದರು.

"ಇಲ್ರಿ."

ಕಾಕಾ ತಲೆಯಾಡಿಸಿದರು. ಆವಿಗೆ ಮಸುಕಾಗಿದ್ದ ಕಾಕುವಿನ ಕನ್ನಡಕ ತೆಗೆದು, ತಮ್ಮ ಅಂಗಿಯ ಅಂಚಿನಿಂದ ಒರೆಸಿ, ಮತ್ತೆ ಮೆಲ್ಲಗೆ ಹಾಕಿದರು.

"ಇನ್ನೊಂದು ಕೊಪ್ಪರಿಗಿ ಆಗೂವಷ್ಟು ಕಬ್ಬು ಐತಿ," ಎಂದು ಗಾಣದ ಕಡೆ ನಡೆದರು.

ನಾನು ಅವರು ಕರೆಯುವ ಮೊದಲೇ ಹೋಗಿ ಹಿಡಿಕೆ ಹಿಡಿದೆ.