ಕಡಲು ತೊಳೆದ ಕೊರಡು

ಗಾಜಿನ ತೊಟ್ಟಿಯಲ್ಲಿ ಸಿಹಿನೀರಿನ ಮೀನು ಸಾಕುವವರಿಗೆ ಒಂದು ನಿಯಮ ಇದೆ. ಹೊರಗಿನಿಂದ ತಂದ ಕಟ್ಟಿಗೆಯನ್ನು ಉಜ್ಜಿ ತೊಳೆಯಬೇಕು, ಕುದಿಸಬೇಕು, ನೀರಿನಲ್ಲಿ ಮುಳುಗಿಸಿಟ್ಟು ಅದು ಬಿಟ್ಟ ಬಣ್ಣದ ನೀರನ್ನು ಚೆಲ್ಲುತ್ತ ಹೋಗಬೇಕು. ನೀರು ತಿಳಿಯಾದ ಮೇಲೆಯೇ ಅದು ತೊಟ್ಟಿಗೆ ಇಳಿಯಬೇಕು. ಇದರಲ್ಲಿ ಅರ್ಥವಾಗದ್ದು ಏನಿದೆ? ಆದರೂ ನಾನು ಡಾಕ್ಟರಾಗಿ ಭಟ್ಕಳ, ಹೊನ್ನಾವರ, ಕುಮಟಾ ಎಂದು ವರ್ಗವಾಗುತ್ತ ಹೋದ ಅಷ್ಟೂ ವರ್ಷ ಜನ ಇದನ್ನು ಮುರಿಯುತ್ತಲೇ ಇದ್ದರು. ಊರು ಬದಲಾಯಿತು, ಮುರಿಯುವ ಉತ್ಸಾಹ ಬದಲಾಗಲಿಲ್ಲ.

ತಪ್ಪು ಶುರುವಾದದ್ದು ಒಂದು ಮಾತಿನಿಂದ. ದವಾಖಾನೆಯ ಮುಂಗೋಣೆಯಲ್ಲಿ ನನ್ನ ತೊಟ್ಟಿ ಇತ್ತು. ಮುಂಬಯಿಯಿಂದ ಡಬ್ಬಿಯಲ್ಲಿ, ತೊಡೆಯ ಮೇಲಿಟ್ಟುಕೊಂಡು ತಂದ ಹತ್ತಾರು ಕೆಂಪು ಮೀನು. ಅಡಗಿ ಕೂರಲು ಇವಕ್ಕೊಂದು ಸೊಟ್ಟ ಬೇರೋ ಕೊರಡೋ ಇದ್ದರೆ ಚೆನ್ನಾಗಿತ್ತು ಎಂದು ಒಮ್ಮೆ ರೋಗಿಗಳ ಮುಂದೆ ಅಂದೆ. ಅಂದಿನಿಂದ ಬಾಳೆಗೊನೆ ತರುತ್ತಿದ್ದ ರೋಗಿಗಳು ಕಟ್ಟಿಗೆ ತರತೊಡಗಿದರು.

ಭಟ್ಕಳ

ಅಲ್ಲಿಯ ಜವಳಿ ವ್ಯಾಪಾರಿಯೊಬ್ಬರು ನಾನು ಹೊರಗೆ ಹೋಗಿದ್ದಾಗ ಸಮುದ್ರದ ದಂಡೆಯಿಂದ ಒಂದು ಕೊರಡು ತಂದು ತಾವೇ ತೊಟ್ಟಿಗೆ ಇಳಿಸಿ, ಕುರ್ಚಿ ಹಾಕಿಕೊಂಡು ನೋಡುತ್ತ ಕೂತಿದ್ದರು. ನಾನು ಬಂದಾಗ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ನೀರಿಗೆ ಬೆರಳದ್ದಿ ನಾಲಿಗೆಗೆ ಹಚ್ಚಿದೆ. ಉಪ್ಪು!

"ತೊಳೆದಿರಾ ಇದನ್ನು?"

"ಡಾಕ್ಟರ್ ಸಾಬ್, ಇಡೀ ಸಮುದ್ರ ತೊಳೆದದ್ದನ್ನು ನಾನು ಚೊಂಬು ನೀರಲ್ಲಿ ಮತ್ತೆ ತೊಳೀಬೇಕಾ?"

"ರೀ, ಇವು ಸಿಹಿನೀರಿನ ಮೀನು! ನೀರು ಉಪ್ಪಾಗಿದೆ!"

ಅವರು ಗಂಭೀರವಾಗಿ ತಲೆಯಾಡಿಸಿ ಎದ್ದುಹೋದರು. ಸಂಜೆ ಅವರ ಅಂಗಡಿಯಿಂದ ಒಂದು ಪೊಟ್ಟಣ ಬಂತು. ಬಿಚ್ಚಿ ನೋಡಿದರೆ ಸಕ್ಕರೆ!

ಹೊನ್ನಾವರ

ಹೊಳೆಯಾಚೆಯ ಕಾಸರಕೋಡಿನ ದೋಣಿಯವನೊಬ್ಬನ ಜ್ವರ ಬಿಡಿಸಿದ್ದೆ. ಹಳೆಯ ದೋಣಿಯ ಬಾಗಿದ ತುಂಡೊಂದಿದೆ, ತರುತ್ತೇನೆ ಎಂದ. ನಿಯಮವನ್ನು ಮೊದಲಿಂದ ಕೊನೆಯವರೆಗೆ ಬಿಡಿಸಿ ಹೇಳಿದೆ. ಪ್ರತಿ ಮಾತಿಗೂ "ಆತು ಡಾಕ್ಟ್ರೇ, ಆತು" ಎಂದ.

ಮಾರನೆಯ ದಿನ ಬಂದು ನೋಡಿದರೆ ಅವನು ತೊಟ್ಟಿಯ ಪಕ್ಕ ನಿಂತಿದ್ದಾನೆ, ತುಂಡು ತೊಟ್ಟಿಯಲ್ಲಿದೆ, ನೀರಿನ ಮೇಲೆ ಎಣ್ಣೆ ತೇಲಿ ಕಾಮನಬಿಲ್ಲು ಮೂಡಿದೆ, ಅದರ ನಡುವೆ ನಾಲ್ಕು ಮೀನು ಹೊಟ್ಟೆ ಮೇಲೆ ಮಾಡಿ ಬಿದ್ದಿವೆ.

"ಕುದಿಸಿದೆಯೇನಯ್ಯ?"

"ಕುದ್ಸಿದ್ರೆ ಗೇರೆಣ್ಣೆ ಬಿಟ್ಟುಹೋಗ್ತಿತ್ತಲ್ರಾ? ಅದ್ಕೇ ಮೇಲಿಂದ ಇನ್ನೆರಡು ಕೈ ಬಳ್ದು ತಂದೆ."

ಗೇರುಬೀಜದ ಸಿಪ್ಪೆಯ ಆ ಎಣ್ಣೆ ಕೈಗೆ ತಾಗಿದರೆ ಮನುಷ್ಯನ ಚರ್ಮವೇ ಬೊಕ್ಕೆ ಏಳುತ್ತದೆ!

"ಯಾಕಯ್ಯ ಬಳಿದೆ?"

"ಎಂತ ಕೇಳ್ತ್ರಿ? ನೀರಲ್ಲಿರೂ ಮರ. ಬಳೀದೇ ಇದ್ರೆ ಕುಂಬಾಗಿ ಉದುರ್ತದೆ. ಈಗ ನೋಡಿ, ನಿಮ್ಮ ಮಕ್ಕಳ ಕಾಲಕ್ಕೂ ಬತ್ತದೆ."

"ಮರ ಬರುತ್ತದೆ. ಮೀನು?"

"ಮೀನಾ?" ಅವನಿಗೆ ನಿಜವಾಗಿ ಆಶ್ಚರ್ಯ. "ಮೀನು ಬೇಕಿದ್ರೆ ಮೊದ್ಲೇ ಹೇಳೂದಲ್ದಾ? ನಾಳೆ ಒಂದು ಬುಟ್ಟಿ ತತ್ತೆ."

ಕಂಪೌಂಡರು

ಇನ್ನು ಯಾರನ್ನೂ ನಂಬುವುದಿಲ್ಲ ಎಂದು ಒಂದು ಬೇರನ್ನು ನಾನೇ ಉಜ್ಜಿ, ಕುದಿಸಿ, ದವಾಖಾನೆಯ ದೊಡ್ಡ ಜಾಡಿಯಲ್ಲಿ ನೆನೆಹಾಕಿದೆ. ಬಣ್ಣದ ನೀರು ಚೆಲ್ಲುವ ಕೆಲಸವೊಂದನ್ನು ಮಾತ್ರ ಕಂಪೌಂಡರಿಗೆ ವಹಿಸಿದೆ. ಚೆಲ್ಲುವುದು! ಮನುಷ್ಯನಿಗೆ ಅದಕ್ಕಿಂತ ಸುಲಭದ ಕೆಲಸ ಯಾವುದಿದೆ?

ಒಂದು ದಿನ ಕೆಮ್ಮಿನ ಮುದುಕರೊಬ್ಬರು ಖಾಲಿ ಬಾಟಲಿ ಹಿಡಿದು ಬಂದರು. "ಡಾಕ್ಟ್ರೇ, ಮುಂಚೆ ಕೊಡ್ತಿದ್ದ ಔಷಧ ಬರೀ ನೀರು. ಈಗಿಂದು ಭಾರೀ ಲಾಯ್ಕಿದೆ. ಒಗರು ಒಗರು. ಇನ್ನೊಂದು ಬಾಟ್ಲಿ ಕೊಡಿ."

ಕಂಪೌಂಡರನ್ನು ಕರೆದೆ. ಆತ ನೆಲ ನೋಡುತ್ತ ಹೇಳಿದ: "ಸರ್, ನಮ್ಮ ಮಿಕ್ಸ್ಚರಿನದೇ ಬಣ್ಣ. ಚೆಲ್ಲೂಕೆ ಮನಸ್ಸು ಬರ್ಲಿಲ್ಲ."

ಆತನನ್ನು ಏನೆಲ್ಲ ಬೈದೆ ಎಂದು ಇಲ್ಲಿ ಬರೆಯುವುದಿಲ್ಲ. ಮುದುಕರ ಕೆಮ್ಮು ಪೂರ್ತಿ ನಿಂತುಹೋಗಿತ್ತು. ನನಗೆ ಹೆಚ್ಚು ಸಿಟ್ಟು ಬಂದದ್ದು ಅದಕ್ಕೇ.

ಕುಮಟಾ

ಕುಮಟೆಗೆ ಬರುವಾಗ ಉಳಿದದ್ದು ಎರಡೇ ಮೀನು. ದವಾಖಾನೆಯ ಸಹವಾಸವೇ ಬೇಡವೆಂದು ತೊಟ್ಟಿಯನ್ನು ಬಾಡಿಗೆ ಮನೆಯ ಜಗಲಿಯಲ್ಲಿಟ್ಟೆ. ಆ ಮನೆಯ ಒಡತಿ ವಯಸ್ಸಾದ ವಿಧವೆ, ಭಾರೀ ಮಡಿ. ಹಿಂದಿನ ಭಾಗದಲ್ಲಿ ಅವರ ವಾಸ.

ಜಿಲ್ಲೆಯ ನನ್ನ ಮೇಲಧಿಕಾರಿ ತಪಾಸಣೆಗೆ ಬಂದರು. ಬಯಲುಸೀಮೆಯವರು, ಕಡಲು ಕಂಡು ಮರುಳಾಗಿದ್ದರು. ಬೆಳಿಗ್ಗೆ ತಿರುಗಾಟಕ್ಕೆ ಹೋದವರು ಕೋಟು ಟೈ ಸಮೇತ ಒಂದು ಕೊರಡನ್ನು ಹೆಗಲ ಮೇಲೆ ಹೊತ್ತು ನೇರ ನನ್ನ ಮನೆಗೆ ಬಂದರು.

"ಡಾಕ್ಟ್ರೇ, ನಿಮ್ಮ ಮೀನಿಗೆ ನನ್ನ ಕಾಣಿಕೆ! ಈ ತುದಿ ನೋಡ್ರಿ, ಎಂಥಾ ಕಪ್ಪು!"

"ಸಾರ್, ಕುದಿಸದೆ ಹಾಕುವ ಹಾಗಿಲ್ಲ."

"ಏ, ನಾನ್‌ಸೆನ್ಸ್!"

"ಇಲ್ಲ ಸಾರ್. ಉಳಿದಿರುವುದು ಎರಡೇ ಮೀನು."

"ನಿಮ್ಮ ಬಡ್ತಿಗೆ ಸಹಿ ಹಾಕೋ ಕೈರೀ ಇದು, ಇದನ್ನ ತಡೀತೀರಾ?" ಎಂದು ನಗುತ್ತ ಮೆಟ್ಟಿಲು ಹತ್ತಿದರು. ನಾನು ತೊಟ್ಟಿಗೆ ಅಡ್ಡ ನಿಂತೆ. ಅವರು ನನ್ನನ್ನು ಸುತ್ತಿ ಬಂದು ಕೊರಡನ್ನು ನೀರಿನ ಮೇಲೆ ಹಿಡಿದೂ ಆಗಿತ್ತು.

"ಯಾರದು? ಎಲ್ಲಿ ಸಿಕ್ಕಿತು ಅದು?"

ಬಾವಿಕಟ್ಟೆಯ ಹತ್ತಿರ ಒಡತಿ ನಿಂತಿದ್ದರು.

"ದಂಡೆ ಮೇಲೆ ತಾಯಿ. ಆ ಗಾಳಿಮರಗಳ ಆಚೆ."

"ಗಾಳಿಮರದ ಆಚೆ ಮಸಣ. ಹೋದ ವಾರ ಶಾನಭೋಗರನ್ನ ಸುಟ್ಟದ್ದು ಅಲ್ಲೇಯ. ನೀವು ಹೊತ್ಕ ಬಂದದ್ದು ಅವರ ಚಿತೆಯ ಕೊಳ್ಳಿ."

ಸಾಹೇಬರು ಕಪ್ಪಾದ ತುದಿಯನ್ನು ನೋಡಿದರು. ನಂತರ ತಮ್ಮ ಹೆಗಲನ್ನು ನೋಡಿದರು.

"ಅಮ್ಮಾ, ನಾನು ಜಿಲ್ಲೆಗೆ ದೊಡ್ಡ ಅಧಿಕಾರಿ..."

"ಯಮ ಬಂದ್ರೂ ಈ ಮನೆಗೆ ಕಾಲು ತೊಳ್ಕಂಡೇ ಬರವು. ಇಳೀರಿ ಕೆಳಗೆ!"

ಅವರು ಇಳಿದರು. ಜಿಲ್ಲೆಗೆ ದೊಡ್ಡ ಅಧಿಕಾರಿ ಕೊರಡನ್ನು ಅಪ್ಪಿಕೊಂಡೇ ಅಂಗಳದಲ್ಲಿ ನಿಂತರು. ಒಡತಿ ಸೆರಗು ಬಿಗಿದು, ಬಾವಿಯಿಂದ ತುಂಬಿದ ಕೊಡ ಸೇದಿ, ದೂರದಿಂದಲೇ, ಮೈ ತಾಗದಂತೆ, ಕೋಟು, ಟೈ, ಕೊರಡು ಎಲ್ಲದರ ಮೇಲೂ ನೆತ್ತಿಯಿಂದ ಹೊಯ್ದರು. ಮತ್ತೆ ಬಾವಿಗೆ ಕೊಡ ಇಳಿಸಿದರು.